ಕುಂಕುಮದ ಕಾಗುಣಿತ

ಹಳೇ ಪುಸ್ತಕ ಹುಡುಕಿಕೊಂಡು ಬರುವ ಧನಶ್ರೀಯನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುತ್ತಿರಲಿಲ್ಲ. ಮುಳಬಾಗಿಲಿನ ಹಳೇ ಮನೆಯೊಂದರಲ್ಲಿ ಮಜ್ಜಿಗೆ ಕೊಟ್ಟು ತಾಳೆಗರಿಯ ಕಟ್ಟು ಬಿಚ್ಚಿದ್ದರು. ಮಾಲೂರಿನ ನಿವೃತ್ತ ಮೇಷ್ಟ್ರೊಬ್ಬರು ಬೀರುವಿನ ಬೀಗದಕೈಯನ್ನೇ ಅವಳ ಕೈಗಿಟ್ಟು ಮಧ್ಯಾಹ್ನದ ನಿದ್ದೆಗೆ ಹೋಗಿದ್ದರು. ಹುತ್ತೂರಿನ ಈ ಗಂಡಸು ಮಾತ್ರ ಎರಡೂ ಕೈ ಚಾಚಿ, ರೈಲ್ವೆ ಗೇಟಿನ ಹಾಗೆ ಹೊಸ್ತಿಲಿಗೆ ಅಡ್ಡ ನಿಂತ.

"ಅಲ್ಲೇ ನಿಂತ್ಕೊಳ್ರೀ! ಇನ್ನೊಂದ್ ಹೆಜ್ಜೆ ಇಟ್ರೆ ಸರಿಯಿರಲ್ಲ!"

"ಯಾಕೆ? ನಾನೇನು ಕಳ್ಳಿನಾ?"

"ಕಳ್ಳಿಯಾಗಿದ್ರೆ ಬಿಡ್ತಿದ್ದೆ. ಏನ್ರೀ ಅದು ವಾಸನೆ? ಏನ್ ಹಚ್ಕೊಂಡ್ ಬಂದಿದ್ದೀರ?"

ಮುಖ ನೋಡಿದ ಕ್ಷಣವೇ ಮೈಯ ವಾಸನೆ ವಿಚಾರಿಸುವ ಗಂಡಸು! ಧನಶ್ರೀಗೆ ಕಿವಿಯವರೆಗೂ ಬಿಸಿಯಾಯಿತು. "ನಿಂಬೆಹುಲ್ಲಿನ ಎಣ್ಣೆ. ಬೆಳಗ್ಗೆಯಿಂದ ತಾಳೆಗರಿಗೆ ಸವರ್ತಿದ್ದೆ, ಹುಳ ಬೀಳಬಾರ್ದು ಅಂತ. ನಿಮಗೇನ್ರೀ ಕಷ್ಟ?"

"ಹುಳ ಬೀಳಬಾರ್ದು ಅಂತ!" ಅವನು ಅವಳ ಮಾತನ್ನೇ ಎತ್ತಿ ಆಕಾಶಕ್ಕೆ ತೋರಿಸಿದ. "ಒಳಗಡೆ ಮನೆ ತುಂಬ ರೇಷ್ಮೆಹುಳ ಅವೆ ಕಣ್ರೀ. ನಾಲ್ಕನೇ ಜ್ವರದಿಂದ ಈಗಷ್ಟೇ ಎದ್ದು ಸೊಪ್ಪಿಗೆ ಬಾಯಿ ಹಾಕಿದಾವೆ. ಈ ಘಾಟು ತಾಗಿದ್ರೆ ಬೆಳೆನೇ ಹೋಯ್ತು."

ಹುಳ ಪೊರೆ ಬಿಡುವ ಮುಂಚೆ ತಿನ್ನದೆ, ತಲೆಯೆತ್ತಿ ಸುಮ್ಮನೆ ಮಲಗುತ್ತದೆ. ಅದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಧನಶ್ರೀ ಶ್ರೀನಿವಾಸಪುರದ ಮಾವಿನ ತೋಪಿನ ಕಡೆಯವಳು. ಮಾವಿಗೆ ಜ್ವರ ಬರುವುದಿಲ್ಲ. ಅವಳಿಗೆ ಗೊತ್ತಿರಲಿಲ್ಲ.

"ಅಂದ್ರೆ ನಿಮ್ ಕೆಲ್ಸ ಹುಳ ಸಾಯ್ಸೋದಾ?" ಎಂದು ಅವನು ಕೇಳಿದ.

"ಹೂಂ. ಸಂಬಳ ಕೊಡೋದೇ ಅದಕ್ಕೆ."

"ನಾನು ಸಾಕೋನು."

"ಜಾತಕ ಕೂಡಲ್ಲ ಬಿಡಿ ಮೇಡಂ" ಎಂದು ಹಿಂದಿನಿಂದ ಪಿಸುಗುಟ್ಟಿದ್ದು ಧನಶ್ರೀಯ ಸಹಾಯಕಿ ರಂಜಿತ. ಧನಶ್ರೀ ತಿರುಗಿ ನೋಡಿದ ನೋಟಕ್ಕೆ ರಂಜಿತ ಜೀಪಿನವರೆಗೂ ಹಿಂದೆ ಸರಿದಳು.

ಅಡ್ಡ ನಿಂತವನ ಹೆಸರು ಗಂಗಾಧರ್. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಸ್ಕೂಲಿನ ಮುಂಚೆ ಮತ್ತು ಆಮೇಲೆ ಹುಳಗಳ ಮೇಷ್ಟ್ರು. ಅವನ ಕೂದಲಲ್ಲಿ ಹಿಪ್ಪುನೇರಳೆಯ ಎಲೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಬೇಕು ಅಂತ ತನ್ನ ಕೈಗೆ ಯಾಕನ್ನಿಸಿತು ಎಂದು ಧನಶ್ರೀಗೆ ಇನ್ನೂ ಸಿಟ್ಟು ಬಂತು.

*

ಕೋಲಾರದ ಹೊರಗಿನ ವಿಶ್ವವಿದ್ಯಾಲಯವೊಂದರ ಲೈಬ್ರರಿಯಲ್ಲಿ ಅವಳು ವಿರಳ ಗ್ರಂಥ ವಿಭಾಗದ ಮುಖ್ಯಸ್ಥೆ. ಅಲ್ಲಿ ಗ್ರಂಥ ವಿರಳ, ಅನುದಾನ ವಿರಳ, ಓದುಗರು ವಿರಳಾತಿವಿರಳ. ಹೇರಳವಾಗಿದ್ದದ್ದು ಕುಲಸಚಿವ ಮುರಳಿಮೋಹನರ ಆದೇಶಗಳು ಮಾತ್ರ. ಆದರೂ ಸುತ್ತಲಿನ ತಾಲ್ಲೂಕುಗಳ ಅಟ್ಟ, ಪೆಟ್ಟಿಗೆ, ಮಾಡುಗಳನ್ನು ತಡಕಿ ಧನಶ್ರೀ ಒಂದು ಕೋಣೆ ತುಂಬುವಷ್ಟು ಹಳೆಯ ಪುಸ್ತಕ ಸೇರಿಸಿದ್ದಳು.

ಹುತ್ತೂರಿಗೆ ಬಂದದ್ದು ಕೇಳಿಕೆಯ ಪುಸ್ತಕಕ್ಕಾಗಿ. ಕೇಳಿಕೆ ಅಂದರೆ ಈ ಕಡೆಯ ಬಯಲಾಟ. ಗಂಗಾಧರನ ತಂದೆ ವೆಂಕಟರಮಣಪ್ಪ ಅದರ ಭಾಗವತರು, ಅಂದರೆ ಆಟವನ್ನು ಹಾಡಿ ನಡೆಸುವವರು. ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಮನೆಯಲ್ಲಿ ತಾತನ ಕಾಲದ ಕೈಬರಹದ ದಪ್ಪ ಪುಸ್ತಕವಿತ್ತು. ಹಾಡೆಲ್ಲ ಕನ್ನಡ, ಅಕ್ಷರವೆಲ್ಲ ತೆಲುಗು. ಅದು ಇದ್ದದ್ದು ಹುಳ ಸಾಕುವ ಪಡಸಾಲೆಯ ಅಟ್ಟದ ಮೇಲೆ. ಹುಳ ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೆ ಹೋಗುವ ತನಕ ಅಟ್ಟಕ್ಕೆ ಏಣಿ ಹಾಕುವಂತಿಲ್ಲ.

ಸರಿ, ಕಾದಳು. ಕಾಯುವವಳು ಕೋಲಾರದಲ್ಲೇ ಕಾಯಬಹುದಿತ್ತು. ಆದರೆ ಎರಡು ದಿನಕ್ಕೊಮ್ಮೆ ಏನಾದರೂ ನೆಪ ಹುಟ್ಟಿ ಜೀಪು ತಾನಾಗಿ ಹುತ್ತೂರಿಗೆ ತಿರುಗುತ್ತಿತ್ತು. ಜಗಲಿಯ ಮೇಲೆ ಗಂಗಾಧರನ ತಾಯಿ ಶಾಮಲಮ್ಮ ಅವಳಿಗೆ ಮಣೆ ಹಾಕುತ್ತಿದ್ದರು.

"ಕೂತ್ಕೋ ತಲ್ಲೀ. ಇವ್ನ್ ಮಾತಿಗೆ ಬೇಜಾರ್ ಮಾಡ್ಕೋಬೇಡ. ಹುಳ ಮೇಯೋ ಕಾಲ್ದಲ್ಲಿ ಇವ್ನು ನನ್ನನ್ನೇ ಮೂಸಿ ನೋಡಿ ಒಳಕ್ಕೆ ಬಿಡ್ತಾನೆ."

ಗಂಗಾಧರ್ ಸೊಪ್ಪಿನ ಹೊರೆ ಇಳಿಸಿ, ಕಾನೂನು ಒಪ್ಪುವಷ್ಟು ದೂರದಲ್ಲಿ ನಿಂತು ಮೂಗು ಅರಳಿಸುತ್ತಿದ್ದ. "ಇವತ್ತೇನು? ಮಲ್ಲಿಗೆ?"

"ಮುಡಿದಿಲ್ಲ."

"ಸೆಂಟು?"

"ಹಾಕಿಲ್ಲ."

"ಮತ್ತೆ ಏನೋ ಬರ್ತಿದ್ಯಲ್ಲ..."

"ಸಿಟ್ಟು. ಅದಕ್ಕೂ ನಿಮ್ ಹುಳ ಹೆದರ್ತವಾ?"

ಅವನು ನಗುತ್ತಿದ್ದ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಗಳಿಗೆ ಮೊದಲೇ ಕಿರಿದಾಗುತ್ತಿತ್ತು, ಬಲಗಣ್ಣು ಅಪ್ಪಣೆಗೆ ಕಾದ ಹಾಗೆ. ಕೋಲಾರಕ್ಕೆ ಮರಳುವ ದಾರಿಯುದ್ದಕ್ಕೂ ಧನಶ್ರೀ ಆ ಒಂದು ಗಳಿಗೆಯನ್ನು ಬಿಡಿಸಿ, ಮಡಿಸಿ, ಮತ್ತೆ ಬಿಡಿಸುತ್ತಿದ್ದಳು.

ವಾಸನೆಯಿಲ್ಲದ ಸೋಪು ಯಾವುದು ಎಂದು ಅವಳು ಅಂಗಡಿಯಲ್ಲಿ ಕೇಳಿದ ದಿನ ರಂಜಿತ ಪಕ್ಕದಲ್ಲೇ ಇದ್ದಳು.

"ಮೇಡಂ, ಇದು ಎಷ್ಟನೇ ಜ್ವರ?"

"ಬಾಯ್ಮುಚ್ಚೇ."

*

ಗೂಡು ಬಿಡಿಸಿದ ಮೇಲೆ ಪುಸ್ತಕದ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯಿತು. ಪುಸ್ತಕದ ಹೊಲಿಗೆ ಬಿಚ್ಚಿತ್ತು, ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು, ಹಾಳೆಗಳ ತುಂಬ ಅರಿಶಿನ, ಕುಂಕುಮ, ವಿಭೂತಿ, ಕಾಡಿಗೆ.

"ಪ್ರತಿ ವಿಜಯದಶಮಿಗೂ ಪೂಜೆ" ಎಂದ ಗಂಗಾಧರ್. "ಅವತ್ತು ಪುಸ್ತಕ ಬಿಚ್ಚಿ ಅಮ್ಮ ಹಾಡ್ಬೇಕು. ಅಪ್ಪ ಇದ್ದಾಗಿಂದ ಹಂಗೇ."

"ಆಟಕ್ಕೆ ಹೆಂಗಸ್ರು ಕಾಲಿಡಂಗಿರ್ಲಿಲ್ಲ ತಲ್ಲೀ" ಎಂದರು ಶಾಮಲಮ್ಮ. "ಮನೇಲಿ ಹಾಡಾಕೆ ಯಾರ್ ಅಪ್ಪಣೆ ಬೇಕು? ಆ ಒಂದ್ ದಿನ ಪುಸ್ತಕ ಇಲ್ಲಿಗೆ ಬರ್ಬೇಕು. ಅದು ಮುಂದಿಲ್ದಿದ್ರೆ ನಂಗೆ ಬಾಯೇ ಬರಲ್ಲ."

"ಬರುತ್ತೆ" ಎಂದಳು ಧನಶ್ರೀ. "ಇದು ನನ್ನ ಮಾತು. ಇದ್ದ ಹಾಗೇ ತಂದ್ಕೊಡ್ತೀನಿ."

ಗಂಗಾಧರ್ ಪೆಟ್ಟಿಗೆ ಎತ್ತಿ ಅವಳ ಕೈಗೆ ಕೊಟ್ಟ. ಕೊಡುವಾಗ ಬೆರಳುಗಳು ಪೆಟ್ಟಿಗೆಯ ಕೆಳಗೆ ಒಂದಕ್ಕೊಂದು ತಗುಲಿದವು. ಪೆಟ್ಟಿಗೆ ಅಷ್ಟೇನೂ ಭಾರವಿರಲಿಲ್ಲ. ಆದರೂ ಇಬ್ಬರೂ ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಧನಶ್ರೀ" ಎಂದ, ಮೊದಲ ಸಲ ಮೇಡಂ ಬಿಟ್ಟು. "ಜೋಪಾನ."

ಪುಸ್ತಕಕ್ಕೆ ಹೇಳಿದನೋ ಅವಳಿಗೆ ಹೇಳಿದನೋ, ಅವಳು ಕೇಳಲಿಲ್ಲ. ಎರಡನ್ನೂ ತಾನೇ ಇಟ್ಟುಕೊಂಡಳು.

*

ನವರಾತ್ರಿ ಬಂತು. ಮುರಳಿಮೋಹನರಿಗೆ ಹೊಸ ಹುಮ್ಮಸ್ಸು ಬಂತು. ಹಬ್ಬದ ಮರುವಾರ ಮಂತ್ರಿಗಳು ಬಂದು ವಿರಳ ಗ್ರಂಥ ಕೋಣೆ ಉದ್ಘಾಟಿಸುತ್ತಾರಂತೆ. ಉದ್ಘಾಟನೆಗೂ ಉದ್ಧಟತನಕ್ಕೂ ಇರುವ ಅಂತರ ಕುಲಸಚಿವರ ಛೇಂಬರಿನಲ್ಲಿ ಬಹಳ ಕಿರಿದು. ಧನಶ್ರೀ ಮುಳಬಾಗಿಲಿಗೆ ಹೋಗಿದ್ದ ಎರಡು ದಿನದಲ್ಲಿ ಅವರು ಕೋಣೆಗೆ ಬಂದು, ಗಾಜಿನ ಪೆಟ್ಟಿಗೆಯಲ್ಲಿ ಕೇಳಿಕೆಯ ಪುಸ್ತಕ ನೋಡಿ ಮೂಗು ಮುರಿದರು.

"ಏನಮ್ಮ ಇದು ಗಲೀಜು? ಮಂತ್ರಿಗಳು ಮುಟ್ತಾರೆ. ಕ್ಲೀನ್ ಮಾಡು."

ರಂಜಿತ ಕ್ಲೀನ್ ಮಾಡಿದಳು. ಧನಶ್ರೀ ಕಲಿಸಿದ್ದಂತೆಯೇ ಮಾಡಿದಳು. ಮೊದಲು ಪ್ರತಿ ಹಾಳೆಯ ಫೋಟೋ, ಆಮೇಲೆ ಮೆತ್ತನೆಯ ಬ್ರಷ್ಷು, ಆಮೇಲೆ ಹತ್ತಿಯಲ್ಲಿ ಒಂದಿಷ್ಟು ಸ್ಪಿರಿಟ್. ಪುಡಿ ಬಣ್ಣ ಕಾಗದವನ್ನು ತಿನ್ನುತ್ತದೆ, ಹುಳ ಕರೆಯುತ್ತದೆ, ಸಿಕ್ಕರೆ ತೆಗೆಯಿರಿ: ಇದು ವಿಭಾಗದ ಮೊದಲ ಪಾಠ. ಅಕ್ಷರ ಒಂದೂ ಅಳಿಯಲಿಲ್ಲ. ಅಷ್ಟು ಅಚ್ಚುಕಟ್ಟು.

ಆಫೀಸಿನಲ್ಲಿ ಆಯುಧಪೂಜೆ ನಡೆದ ದಿನ, ಮರುದಿನದ ವಿಜಯದಶಮಿಗೆ ಪುಸ್ತಕ ಸಿದ್ಧವಿದೆಯೇ ಎಂದು ನೋಡಲು ಗಂಗಾಧರ್ ತಾಯಿಯನ್ನು ಕರೆದುಕೊಂಡು ಬಂದ. ಧನಶ್ರೀ ಆಗಷ್ಟೇ ಮುಳಬಾಗಿಲಿನಿಂದ ಬಂದಿಳಿದಿದ್ದಳು. ಗೇಟಿನಲ್ಲಿ ಬೂದುಗುಂಬಳ ಒಡೆದು ಬಿದ್ದಿತ್ತು. ಕುಲಸಚಿವರ ಕಾರು ಚೆಂಡುಹೂವಲ್ಲಿ ಮುಳುಗಿತ್ತು. ಜನರೇಟರಿಗೆ ಅರಿಶಿನ, ಜೆರಾಕ್ಸ್ ಮೆಷಿನ್ನಿಗೆ ಕುಂಕುಮ, ಸ್ಟೇಪ್ಲರಿನ ಹಣೆಗೂ ಒಂದು ಬೊಟ್ಟು.

ಶಾಮಲಮ್ಮ ಪುಸ್ತಕ ಬಿಚ್ಚಿದರು. ಒಂದು ಹಾಳೆ ತಿರುವಿದರು. ಇನ್ನೊಂದು. ಅವರ ತೋರುಬೆರಳು ಕಾಗದದ ಮೇಲೆ ದಾರಿ ತಪ್ಪಿದ ಮಗುವಿನ ಹಾಗೆ ಅಲೆದಾಡಿತು.

"ಇದು ನಮ್ದಲ್ಲ."

"ನಮ್ದೇ ಕಣಮ್ಮ. ಇಲ್ನೋಡು, ತಾತನ ಹೆಸ್ರು."

"ನಮ್ದಾದ್ರೆ ಗುರ್ತೆಲ್ಲಿ?" ಅವರ ದನಿ ಸಣ್ಣದಾಯಿತು. "ಅರಿಶಿನ ಇದ್ರೆ ಗಣಪನ ಪದ. ಕುಂಕುಮ ಇದ್ರೆ ರಾಣಿದು. ವಿಭೂತಿ ಗೀಟು ರಾಜಂದು, ಕಾಡಿಗೆ ರಾಕ್ಷಸಂದು. ಒಂದು ಬೊಟ್ಟು ಸಂತೋಷಕ್ಕೆ, ಎರಡು ಬೊಟ್ಟು ದುಃಖಕ್ಕೆ. ನಂಗೇನ್ ಓದಾಕೆ ಬರ್ತದಾ? ನಾನು ಈ ಮನೆಗ್ ಬಂದ ಹೊಸದ್ರಲ್ಲಿ ನಿಮ್ಮಪ್ಪ ಅಡುಗೆಮನೇಲಿ ಕೂತು, ನನ್ ಕೈ ಹಿಡ್ಕೊಂಡು ಒಂದೊಂದೇ ಇಟ್ಟಿದ್ದು. 'ಶಾಮೂ, ಇವು ನಿನ್ ಅಕ್ಷರ' ಅಂದಿದ್ರು. ವರ್ಷಾ ವರ್ಷಾ ಮಾಸಿದ್ದನ್ನ ನಾನೇ ತಿದ್ತಿದ್ದೆ."

ಗಂಗಾಧರನ ಮುಖ ಕಪ್ಪಿಟ್ಟಿತು. ಅವನಿಗೂ ಇದು ಗೊತ್ತಿರಲಿಲ್ಲ.

"ಯಾರು ಒರ್ಸಿದ್ದು?"

ರಂಜಿತ ಬಾಯಿ ತೆರೆಯಲು ಹೋದಳು. ಅದಕ್ಕೆ ಮುಂಚೆ ಧನಶ್ರೀ ಹೇಳಿದಳು. "ನನ್ನ ವಿಭಾಗ. ಅಂದ್ರೆ ನಾನು."

"ಇದ್ದ ಹಾಗೇ ತಂದ್ಕೊಡ್ತೀನಿ ಅಂದ್ರಿ."

"ಅಂದೆ."

"ನೀವು ಹುಳ ಮಾತ್ರ ಸಾಯ್ಸೋರು ಅಂದ್ಕೊಂಡಿದ್ದೆ" ಎಂದ ಗಂಗಾಧರ್. ಆಮೇಲೆ, ಬಾಗಿಲಲ್ಲಿ ನಿಂತು, ಮೊಳೆ ಹೊಡೆದ ಹಾಗೆ, "ಮೇಡಂ."

ಶಾಮಲಮ್ಮ ಬಯ್ಯಲಿಲ್ಲ. ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಅದರ ಬೆನ್ನು ಸವರಿ, ಸೆರಗು ಹೊದ್ದು ಹೊರಟುಬಿಟ್ಟರು. ಪುಸ್ತಕ ಮೇಜಿನ ಮೇಲೇ ಉಳಿಯಿತು.

*

"ಮೇಡಂ, ನಾನು ಹೇಳ್ಬೇಕಿತ್ತು" ಎಂದು ರಂಜಿತ ಅಳತೊಡಗಿದಳು.

"ಏನಂತ? ನಾನ್ ಕಲ್ಸಿದ್ ಪಾಠ ಚೆನ್ನಾಗ್ ಕಲ್ತೆ ಅಂತಲಾ? ಅಳ್ಬೇಡ. ಫೋಟೋ ತೆಗ್ದಿದ್ದೀಯಾ?"

"ಒಂದ್ ಹಾಳೆನೂ ಬಿಟ್ಟಿಲ್ಲ."

"ಎಲ್ಲಾ ನನ್ ಲ್ಯಾಪ್‌ಟಾಪಿಗೆ ಹಾಕು."

ಧನಶ್ರೀ ಕುಲಸಚಿವರ ಛೇಂಬರಿಗೆ ಹೋದಳು. ಮುರಳಿಮೋಹನರ ಬಾಯಲ್ಲಿ ಪೂಜೆಯ ಕಡಲೆಪುರಿ ಇತ್ತು.

"ಸಾರ್, ಕೇಳಿಕೆ ಪುಸ್ತಕ ನಾಳೆ ಹುತ್ತೂರಿಗೆ ತಗೊಂಡ್ ಹೋಗ್ತಿದ್ದೀನಿ."

"ಹ್ಯಾಗಾಗುತ್ತಮ್ಮ? ಒಂದ್ಸಲ ಒಳಗೆ ಬಂದ್ಮೇಲೆ ಅದು ವಿಶ್ವವಿದ್ಯಾಲಯದ ಆಸ್ತಿ. ಮಂತ್ರಿಗಳು ನೋಡ್ಬೇಕು."

"ಮಂತ್ರಿಗಳು ನೋಡಕ್ಕೆ ಅದರಲ್ಲಿ ಏನೂ ಉಳಿದಿಲ್ಲ ಸಾರ್. ನೀವು ಜೆರಾಕ್ಸ್ ಮೆಷಿನ್ನಿಗೆ ಕುಂಕುಮ ಇಟ್ರಿ. ಪುಸ್ತಕದ ಕುಂಕುಮಕ್ಕೆ ಸ್ಪಿರಿಟ್ ಹಾಕ್ಸಿದ್ರಿ. ಸ್ಟೇಪ್ಲರ್ ಮುತ್ತೈದೆ, ಪುಸ್ತಕ ವಿಧವೆ! ಇದ್ಯಾವ ಪೂಜೆ ಸಾರ್?"

"ನಾಲಿಗೆ ಮೇಲೆ ನಿಗಾ ಇರ್ಲಿ. ನಾನು ಕ್ಲೀನ್ ಮಾಡಿ ಅಂದೆ ಅಷ್ಟೇ."

"ಅದನ್ನೇ ಮಂತ್ರಿಗಳ ಮುಂದೆ ಹೇಳಿ. ಉದ್ಘಾಟನೆಗೆ ಶಾಮಲಮ್ಮನವರನ್ನ ಕರೀತೀನಿ. ಮೈಕ್ ನಾನೇ ಹಿಡೀತೀನಿ. ಒಂದು ಪದ ಹಾಡಿ ಅಂತ ಕೇಳ್ತೀನಿ. ಯಾಕೆ ಹಾಡಕ್ಕಾಗ್ತಿಲ್ಲ ಅಂತ ಅವರೇ ಹೇಳ್ಲಿ. ಪೇಪರ್‌ನೋರೂ ಬರ್ತಾರಲ್ವಾ ಸಾರ್?"

ಕುಲಸಚಿವರು ಕಡಲೆಪುರಿ ಅಗಿಯುವುದನ್ನು ನಿಲ್ಲಿಸಿದರು. ಅದೂ ಒಂದು ಬಗೆಯ ಜ್ವರವೇ.

"ಯಾವಾಗ ವಾಪಸ್ ತರ್ತೀರ?" ಎಂದರು ಕೊನೆಗೆ.

"ಹಾಡು ಮುಗಿದ್ಮೇಲೆ. ಪ್ರತಿ ವರ್ಷನೂ ಹೋಗುತ್ತೆ ಸಾರ್, ಈಗಲೇ ಬರೆದು ಸೈನ್ ಹಾಕಿ. ಮುಂದಿನ ವರ್ಷ ಮತ್ತೆ ಜಗಳಾಡೋಕೆ ನನಗೆ ಪುರುಸೊತ್ತಿರಲ್ಲ."

*

ವಿಜಯದಶಮಿಯ ಬೆಳಗ್ಗೆ ಹುತ್ತೂರಿನ ಜಗಲಿಯ ಮೇಲೆ ಮಣೆ ಇರಲಿಲ್ಲ. ಧನಶ್ರೀ ನೆಲದ ಮೇಲೇ ಕೂತು, ಪುಸ್ತಕ ಬಿಚ್ಚಿ, ಲ್ಯಾಪ್‌ಟಾಪ್ ತೆರೆದಳು. ಗಂಗಾಧರ್ ಕಂಬಕ್ಕೆ ಒರಗಿ ನಿಂತಿದ್ದ. ಕೂರು ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

"ಅಮ್ಮಾ, ಗುರುತು ಕಳೆದಿಲ್ಲ. ಎಲ್ಲೆಲ್ಲಿ ಏನಿತ್ತು ಅಂತ ಫೋಟೋದಲ್ಲಿದೆ." ಅವಳು ಚೀಲದಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದದ ಚೂರುಗಳನ್ನು ತೆಗೆದಳು. ಪ್ರತಿಯೊಂದರ ಮೇಲೂ ಬಣ್ಣದ ಬೊಟ್ಟು. "ಇವನ್ನ ಹಾಳೆ ಮೇಲೆ ಇಟ್ಕೊಳ್ಳಿ. ಪುಸ್ತಕಕ್ಕೂ ತೊಂದ್ರೆ ಇಲ್ಲ."

ಶಾಮಲಮ್ಮ ಒಂದು ಚೂರನ್ನು ಹಾಳೆಯ ಮೇಲಿಟ್ಟು ಬೆರಳಾಡಿಸಿದರು. ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು, ದನಿ ಬರಲಿಲ್ಲ.

"ಜಾರ್ತದೆ ತಲ್ಲೀ. ಬೆರಳಿಗೆ ತರಿತರಿ ಸಿಕ್ಕಬೇಕು. ನಾನು ಕಣ್ಣಲ್ಲಿ ನೋಡಿ ಹಾಡೋದಲ್ಲ."

ಧನಶ್ರೀ ಆ ಕಾಗದದ ಚೂರುಗಳನ್ನು ನೋಡಿದಳು. ಓದಿದ ಶಾಸ್ತ್ರವೆಲ್ಲ ತಲೆಯಲ್ಲಿ ಸಾಲಾಗಿ ನಿಂತು ಬೇಡ ಬೇಡ ಅಂದಿತು. ಅವಳು ಕೈಗವಸು ಬಿಚ್ಚಿ ಪಕ್ಕಕ್ಕೆಸೆದಳು.

"ಅರಿಶಿನ ಎಲ್ಲಿದೆ?"

ಗಂಗಾಧರ್ ಕಂಬ ಬಿಟ್ಟು ನೆಟ್ಟಗಾದ. "ಏನ್ ಮಾಡ್ತಿದ್ದೀರ?"

"ನನ್ನ ಕೆಲಸಕ್ಕೆ ವಿರುದ್ಧ. ಬಟ್ಟಲು ತನ್ನಿ, ಮೇಷ್ಟ್ರೇ. ನಿಂತು ನೋಡೋಕೆ ಇದು ಸಿನಿಮಾ ಅಲ್ಲ."

ಬಟ್ಟಲುಗಳು ಬಂದವು. ಗಂಗಾಧರ್ ಫೋಟೋ ನೋಡಿ ಹಾಳೆ ಹೇಳಿದ, ಶಾಮಲಮ್ಮ ಬಣ್ಣ ಹೇಳಿದರು, ಧನಶ್ರೀ ಬೆರಳದ್ದಿ ಇಟ್ಟಳು. ಗಣಪನಿಗೆ ಅರಿಶಿನ. ರಾಣಿಗೆ ಕುಂಕುಮ, ಒಂದು ಬೊಟ್ಟು. ಹಾಳೆ ತಿರುವುವಾಗ ಅವನ ತಲೆ ಅವಳ ಭುಜದ ಹತ್ತಿರ ಬಂತು.

"ರಂಜಿತ ಫೋನ್ ಮಾಡಿದ್ಲು" ಎಂದ, ಹಾಳೆಯ ಮೇಲೇ ಕಣ್ಣಿಟ್ಟು. "ಒರ್ಸಿದ್ದು ನೀವಲ್ವಂತೆ."

"ಒರ್ಸೋಕೆ ಕಲಿಸಿದ್ದು ನಾನೇ."

"ಹುಟ್ಟಿದಾಗಿಂದ ಈ ಮನೇಲೇ ಇದ್ದೀನಿ. ಅದು ಪೂಜೆ ಕೊಳೆ ಅಂತ್ಲೇ ನಾನೂ ಅಂದ್ಕೊಂಡಿದ್ದೆ. ಬಯ್ದಿದ್ದು ಮಾತ್ರ ನಿಮ್ಮನ್ನ." ತಡೆದು, "ಯಾಕೆ ಸುಮ್ನೆ ಬಯ್ಸ್ಕೊಂಡ್ರಿ?"

"ಸುಮ್ನೆ ಎಲ್ಲಿದ್ದೆ? ಮನಸ್ಸಲ್ಲಿ ನಿಮಗೆ ನಿನ್ನೆಯಿಂದ ಸಹಸ್ರನಾಮ ಮಾಡ್ತಿದ್ದೀನಿ. 'ಮೇಡಂ' ಅಂದ್ರಲ್ಲ, ಅದಕ್ಕೆ."

ಅವನ ಎಡಗಣ್ಣು ಕಿರಿದಾಯಿತು. ಬಲಗಣ್ಣು ಈ ಸಲ ಅಪ್ಪಣೆಗೆ ಕಾಯಲಿಲ್ಲ.

"ಏಯ್, ಮುಂದಿನ್ ಹಾಳೆ!" ಎಂದರು ಶಾಮಲಮ್ಮ. "ರಾಣಿ ಅಳೋ ಜಾಗ. ಎರಡು ಬೊಟ್ಟು. ನಗ್ತಾ ಇಟ್ರೆ ಹಾಡು ಕೆಡ್ತದೆ."

ಕೊನೆಯ ಬೊಟ್ಟು ಒಣಗಿದ ಮೇಲೆ ಶಾಮಲಮ್ಮ ಪುಸ್ತಕವನ್ನು ಮಡಿಲಿಗೆಳೆದುಕೊಂಡರು. ಬೆರಳು ಅರಿಶಿನದ ಮೇಲೆ ನಿಂತಿತು. ದನಿ ಮೊದಲು ಕೆಮ್ಮಿನ ಹಾಗೆ ಬಂತು, ಆಮೇಲೆ ಹೊಗೆಯ ಹಾಗೆ ಎದ್ದಿತು, ಆಮೇಲೆ ಜಗಲಿ ದಾಟಿ ಬೀದಿಗೆ ಹೋಯಿತು. ಎರಡು ಬೊಟ್ಟಿನ ಹಾಳೆಗೆ ಬಂದಾಗ ಅವರು ಹಾಡುತ್ತಿದ್ದದ್ದು ರಾಣಿಯ ದುಃಖವೋ ತಮ್ಮದೋ ಯಾರಿಗೂ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಕೂತು ಕೈ ಹಿಡಿದು ಅಕ್ಷರ ಇಟ್ಟುಕೊಟ್ಟವನಿಗೆ ಮಾತ್ರ ತಿಳಿಯುತ್ತಿತ್ತು.

ಹಾಡು ಮುಗಿದು, ಮೂಗು ಒರೆಸಿಕೊಂಡು, ಶಾಮಲಮ್ಮ ಎಂದಿನ ದನಿಗೆ ಬಂದರು. "ಗಂಗಾ, ಈ ಬೆಳೆ ಹುಳಾನೂ ಹಣ್ಣಾಗ್ಬಿಟ್ಟಾವೆ, ನೋಡ್ದ್ಯಾ? ಗೂಡು ಕಟ್ಟಾಕೆ ಚಂದ್ರಿಕೆ ತಟ್ಟೆಗೆ ಬಿಡ್ಬೇಕು. ಇಬ್ರ ಕೈ ಸಾಲಲ್ಲ." ಹಾಗೆಂದು ಪುಸ್ತಕ ಹಿಡಿದು ಪೂಜೆಯ ಮೂಲೆಗೆ ನಡೆದರು. ಬೇಕಾದ ಮೂರನೆಯವರ ಕೈ ಯಾರದು ಅಂತ ಹೇಳಲಿಲ್ಲ.

ಗಂಗಾಧರ್ ಪಡಸಾಲೆಯ ಬಾಗಿಲಿಗೆ ಹೋಗಿ ತಿರುಗಿ ನಿಂತ. ಧನಶ್ರೀ ಅಭ್ಯಾಸಬಲದಿಂದ ಹೊಸ್ತಿಲ ಹೊರಗೇ ನಿಂತಳು.

"ಇವತ್ತೇನು ವಾಸನೆ?"

"ಅರಿಶಿನ. ನಿಮ್ಮನೇದೇ."

"ಸಿಟ್ಟು?"

"ಅದು ಇದ್ದೇ ಇರುತ್ತೆ. ಅದಿಲ್ದೆ ನಾನು ಬರಲ್ಲ."

ಅವನು ಷರಟಿನ ಜೇಬಿನಿಂದ ಬಾಳೆಲೆಯಲ್ಲಿ ಸುತ್ತಿದ ಚಿಕ್ಕ ಪೊಟ್ಟಣ ತೆಗೆದ. ಕನಕಾಂಬರದ ದಂಡೆ. "ಗೂಡು ಬಿಡಿಸಿದ ಮೇಲೆ ನಿಮಗೆ ಹೂ ಕೊಡ್ಬೇಕು ಅಂತಿದ್ದೆ. ಆದ್ರೆ ಹುಳ ಇಲ್ದೇ ಇರೋ ದಿನ ಈ ಮನೇಲಿ ಎಷ್ಟು ಬರುತ್ತೆ? ಅದಕ್ಕೇ ವಾಸನೆ ಇಲ್ಲದ್ ಹೂವೇ ಹುಡುಕ್ದೆ. ದಿನಾ ಮುಡೀಬಹುದು."

"ದಿನಾ?"

"ದಿನಾ. ಇಲ್ಲೇ."

ಧನಶ್ರೀ ಹೂವನ್ನೂ ಅವನನ್ನೂ ನೋಡಿದಳು. "ಇದು ಪ್ರಪೋಸಲ್ಲಾ, ಹುಳ ಬಿಡೋಕೆ ಕೂಲಿನಾ?"

"ಜಗಳ ಆಡ್ದೆ ಒಂದ್ ಉತ್ತರ ಕೊಡೋಕೆ ಆಗಲ್ವಾ ನಿಂಗೆ?" ಎಂದ ಅವನು, ಮತ್ತು ಕೈ ಚಾಚಿದ. ಈ ಸಲ ಅಡ್ಡ ಅಲ್ಲ. "ಬಾ ಒಳಗೆ."

ಅವಳು ಹೂ ಮುಡಿದು ಹೊಸ್ತಿಲು ದಾಟಿದಳು. ಒಳಗೆ ಹಣ್ಣಾದ ಹುಳಗಳು ಬೆಳಕು ನುಂಗಿದ ಹಾಗೆ ಹೊಂಬಣ್ಣಕ್ಕೆ ತಿರುಗಿದ್ದವು. ಗಂಗಾಧರ್ ಒಂದನ್ನು ಆರಿಸಿ ಅವಳ ಅಂಗೈ ಮೇಲೆ ಬಿಟ್ಟ. ಹುಳ ಸಾಯಿಸುವವಳ ಅಂಗೈ ಮೇಲೆ ಅದು ತಲೆಯೆತ್ತಿ, ಅತ್ತ ಇತ್ತ ತೂಗಿ, ಜಾಗ ಹುಡುಕಿತು.

"ಗೂಡು ಎಲ್ಲಿ ಕಟ್ಲಿ ಅಂತ ನೋಡ್ತಿದೆ" ಎಂದ ಗಂಗಾಧರ್, ಅವಳ ಕೈ ಕೆಳಗೆ ತನ್ನ ಕೈಯಿಟ್ಟು.

"ಹಾಗಾದ್ರೆ ಬೇಗ ತೋರ್ಸು" ಎಂದಳು ಧನಶ್ರೀ. "ಬಾಗಿಲಲ್ಲಿ ಕಾಯ್ಸಿದ್ದು ಸಾಕು."